ಸೊನ್ನೆ ಬರೆದ ಎಂಜಿನಿಯರಮ್ಮ

ಚಳ್ಳಕೆರೆಯ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಎಂಜಿನಿಯರಮ್ಮನಿಗೆ ಮಾತಿನ ನಡುವೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುವ ಅಭ್ಯಾಸ. ಮುಂದಿನ ವರ್ಷ ರಸ್ತೆಗಳಲ್ಲಿ ಸಾವು ಎಷ್ಟು ಇಳಿಯಬೇಕೆಂದು ಗುರಿ ಹಾಕುವುದು, ಇಳಿಯಿತೋ ಇಲ್ಲವೋ ಎಂದು ವರದಿ ಒಪ್ಪಿಸುವುದು ಅವರ ಕೆಲಸ. ನಾನು ಸಾರು ಕೊಡಲು ಹೋದಾಗಲೂ ಅದೇ ಮಾತು: "ಅರ್ಧ ಇಳಿಸಿದ್ರೆ ಸಾಕಂತಾರೆ. ಉಳಿದರ್ಧದಲ್ಲಿ ಯಾರನ್ನ ಸಾಯಕ್ಕೆ ಬಿಡೋಣ ಹೇಳ್ರಿ?"

ಹತ್ತಿರದ ನನ್ನಿವಾಳ ಎಂಬ ಊರಿನ ಬಳಿ ಕುರಿ ಹಿಂಡು ಹೆದ್ದಾರಿ ದಾಟುವಾಗ ಕೊನೆಯ ಕುರಿ ಹೋಗುವವರೆಗೂ ಕುರಿಗಾಹಿಗಳು ರಸ್ತೆ ನಡುವೆಯೇ ನಿಲ್ಲುವುದು ವಾಡಿಕೆ. ವರ್ಷವರ್ಷವೂ ಅಲ್ಲಿ ಯಾರಾದರೂ ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದರು. ಅಲ್ಲಿಗೆ ಮುಂದಿನ ವರ್ಷದ ಗುರಿ ಸೊನ್ನೆ ಸಾವು ಎಂದೇ ಬರೆಯುತ್ತೇನೆಂದು ಎಂಜಿನಿಯರಮ್ಮ ಹೊರಟಾಗ, ಊರಿನ ಕಟ್ಟೆಯ ಮೇಲೆ ನಡೆದ ಸಭೆಗೆ ನಾನೂ ಹೋಗಿದ್ದೆ.

"ಮೇಡಂ, ಸೊನ್ನೆ ಅಂತ ಬರೆದು ಆಗಲಿಲ್ಲ ಅಂದ್ರೆ ಮುಖ ಎಲ್ಲಿಟ್ಕೊಳ್ತೀರಿ?" ಎಂದರು ಅವರ ಮೇಲಧಿಕಾರಿ.

ಗಂಡನನ್ನು ಆ ರಸ್ತೆಯಲ್ಲೇ ಕಳೆದುಕೊಂಡಿದ್ದ ಮುದುಕಿಯೊಬ್ಬಳು ಎದ್ದು ನಿಂತಳು. "ನೀನು ಬರಿಯವ್ವ. ನಿನ್ನ ಮಾನ ನಾವು ಕಾಯ್ತೀವಿ."

ಎಂಜಿನಿಯರಮ್ಮ ಸೊನ್ನೆ ಬರೆದರು. ರಸ್ತೆಗೆ ಉಬ್ಬು ಹಾಕಿಸಿದರು, ದೀಪ ತಂದರು. ಊರಿನವರು ನಡುರಸ್ತೆ ಬಿಟ್ಟು, ಎರಡೂ ಕಡೆ ದೂರದಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ವರ್ಷ ಕಳೆದ ಮೇಲೆ ಎಂಜಿನಿಯರಮ್ಮ ಅದೇ ಕಟ್ಟೆಯ ಮೇಲೆ ನಿಂತು ವರದಿ ಓದಿದರು: "ಇಲ್ಲಿ ಈ ವರ್ಷ ಒಬ್ಬರೂ ಸತ್ತಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕುರಿ ಕರೆಯುವ ಸಿಳ್ಳೆ ಹಾಕಿದರು, ಎಲ್ಲರೂ ಒಟ್ಟಿಗೆ! ಹೆದ್ದಾರಿಯಾಚೆಯ ಬಯಲಿನ ಹಿಂಡುಗಳು ತಲೆಯೆತ್ತಿ ಓಡಿಬಂದವು. ಬಾವುಟಗಳು ಮೇಲೆದ್ದವು, ಲಾರಿಗಳು ಸಾಲಾಗಿ ನಿಂತವು.

"ಏನಮ್ಮೋ, ಮದುವೆ ದಿಬ್ಬಣನಾ?" ಚಾಲಕನೊಬ್ಬ ಕೂಗಿದ.

"ಅದಕ್ಕಿಂತ ದೊಡ್ಡದೈತೆ ಕಣಲೇ, ಸುಮ್ನೆ ನಿಂತ್ಕ!" ಎಂದಳು ಬಾವುಟ ಹಿಡಿದಿದ್ದ ಮುದುಕಿ.

ಅವನು ನಗುತ್ತಾ ಎಂಜಿನ್ ಆರಿಸಿದ.