ಮಾವನ ಪಡಸಾಲೆಯ ಗೊನೆಗಳು

ಕಣ್ಣಿಗೆ ಕಾಣದ್ದನ್ನು ನಂಬದವನು ನಾನು. ಅಂಥವನು ತಂತಿಯೇ ಇಲ್ಲದೆ ಸುದ್ದಿ ಕಳಿಸುವ ಯಂತ್ರದ ಕಂಪನಿಯ ಷೇರು ಕೊಂಡೆನೆಂದರೆ ನೀವು ನಗಬಹುದು. ಆ ಯಂತ್ರವನ್ನು ಕಲಬುರ್ಗಿಯಲ್ಲಿ ಕಂಡವರಿರಲಿಲ್ಲ. ಷೇರಿಗಾಗಿ ಹೆಂಡತಿ ಗೌರಮ್ಮನ ಚಿನ್ನದ ಬಳೆಗಳು, ಅವಳ ಪಾಟ್ಲಿಗಳು, ಶಹಾಬಜಾರದ ಸರಾಫನ ಪೆಟ್ಟಿಗೆಗೆ ಅಡವಾಗಿ ಸೇರಿದವು. ಅವಳು ಒಪ್ಪಿಯೇ ಕೊಟ್ಟಳು. ಮಾತು ಬಿಟ್ಟು, ಮತ್ತೆ ಮಾತಾಡಿ, ಆಮೇಲೆ ಒಪ್ಪಿದಳು.

ಫಜೀತಿ ಇದ್ದದ್ದು ನಾಗರ ಪಂಚಮಿಯದು. ಮಗಳನ್ನು ಕರೆದೊಯ್ಯಲು ಕಮಲಾಪುರದಿಂದ ಮಾವ ಬರುವವರು. ಪಾಟ್ಲಿ ಮಾಡಿಸಿಕೊಟ್ಟವರೂ ಅವರೇ. ಅಷ್ಟರೊಳಗೆ ಷೇರಿನ ಬೆಲೆ ಏರಿ ಪಾಟ್ಲಿ ಬಿಡಿಸದಿದ್ದರೆ ನನ್ನ ಮಾನ ಹರಾಜು.

ಕಚೇರಿಗೆ ಬರುತ್ತಿದ್ದ ಮುಂಬಯಿ ಪತ್ರಿಕೆಯನ್ನು ಸಾಹೇಬರಿಗಿಂತ ಮೊದಲು ನಾನೇ ಓದತೊಡಗಿದೆ. ಓದಿದಷ್ಟೂ ಗೊಂದಲ. ಕಂಪನಿ ತಾನು ಮಾಡುವ ಯಂತ್ರ ಕಡಿಮೆ. ಅದರ ಯುಕ್ತಿಗೆ ಪೇಟೆಂಟ್ ಇದೆಯಂತೆ. ಬೇರೆಯವರು ಆ ಯುಕ್ತಿ ಬಳಸಿ ಯಂತ್ರ ಮಾಡಿದಾಗೆಲ್ಲ ಇದಕ್ಕೆ ರಾಯಲ್ಟಿ ಕಟ್ಟಬೇಕಂತೆ. ಹೊಸಬನೊಬ್ಬ ಕಟ್ಟಲು ಒಪ್ಪಿದರೆ ಷೇರು ಜಿಗಿಯುತ್ತದೆ, ಯಾರಾದರೂ ಕೊಡೆನೆಂದು ಕೋರ್ಟಿಗೆ ಹೋದರೆ ಕುಸಿಯುತ್ತದೆ. ಇದೆಂಥ ವ್ಯಾಪಾರ ಮಾರಾಯರೆ!

ಆಗ ಮಾವನ ಪಡಸಾಲೆ ನೆನಪಾಯಿತು. ಅವರ ತೋಟದಿಂದ ಕೆಂಪು ಬಾಳೆಯ ಕಂದು ಒಯ್ದು ನೆಟ್ಟವರು ಮೊದಲ ಗೊನೆಯನ್ನು ತಂದು ಆ ಪಡಸಾಲೆಯಲ್ಲಿ ತೂಗುಹಾಕಬೇಕು. ಅದು ಅಲ್ಲಿಯ ರಿವಾಜು. ಅಗೆಯುವವರು ಯಾರೋ, ನೀರು ಹಾಯಿಸುವವರು ಯಾರೋ, ಗೊನೆ ಮಾತ್ರ ಮಾವನದು. ದಾರಿಹೋಕರು ಗೊನೆ ನೋಡಿಯೇ ಮಾವನ ತೂಕ ಅಳೆಯುತ್ತಿದ್ದರು. ಹೆಣ್ಣು ನೋಡಲು ಹೋದ ನಮ್ಮಪ್ಪನೂ ಮೊದಲು ನೋಡಿದ್ದು ಗೊನೆಗಳನ್ನೇ. ಆ ಗೊನೆಗಳು ರಾಯಲ್ಟಿ. ಅವನ್ನು ಕಂಡು ಊರು ಆಡುವ ಮಾತೇ ಷೇರಿನ ಬೆಲೆ. ಇಷ್ಟು ಹೊಳೆದದ್ದೇ ತಡ, ನಾನೊಬ್ಬ ಪಂಡಿತನಂತೆ ಕಚೇರಿಯಲ್ಲೂ ಮನೆಯಲ್ಲೂ ಎಲ್ಲರ ತಲೆ ತಿಂದೆ.

ಪಂಚಮಿ ಹತ್ತಿರ ಬಂದಾಗ ಕೋರ್ಟಿನ ತೀರ್ಪು ಕಂಪನಿಯ ಕಡೆಗಾಯಿತು. ಷೇರು ಏರಿತು. ಎಲ್ಲವನ್ನೂ ಮಾರಿ, ಪಾಟ್ಲಿ ಬಿಡಿಸಿ ಗೌರಮ್ಮನಿಗೆ ತೊಡಿಸಿದೆ. ಎಷ್ಟು ಹಗುರಾದೆನೆಂದರೆ ಆ ದಿನ ಸರಾಫನೂ ದೇವರಂತೆ ಕಂಡ.

ಮಾವ ಬಂದರು. ಪ್ರತಿ ಸಲ ತರುತ್ತಿದ್ದ ಪಡಸಾಲೆಯ ಬಾಳೆಹಣ್ಣು ಈ ಸಲ ಕೈಯಲ್ಲಿರಲಿಲ್ಲ. ಯಾಕೆಂದು ಕೇಳಿದೆ.

"ಈಗ ಪಡಸಾಲ್ಯಾಗ ಗೊನಿ ಎಲ್ಲಿ ಬರ್ತಾವ್ರೀ ಅಳಿಯಂದ್ರ? ಊರ ತುಂಬ ಅದೇ ಗಿಡ ಆಗ್ಯಾವ. ಬಾಜೂದವರ ಹತ್ರನೇ ಕಂದು ಸಿಗ್ತದ, ನನ್ನ ತನಕ ಯಾರು ಬರ್ತಾರ?" ಎಂದು ನಕ್ಕರು.

ನನಗೆ ತಟ್ಟನೆ ಹೊಳೆಯಿತು: ಪೇಟೆಂಟಿಗೂ ಒಂದು ಅವಧಿಯುಂಟು, ಅದು ಮುಗಿದ ಮೇಲೆ ಯಾರೂ ಏನೂ ಕೊಡುವುದಿಲ್ಲ! ನಾನು ಒಳಗೆ ಓಡಿ, "ಛಲೋ ಆತು ನೋಡು, ಷೇರು ಟೈಮಿಗೆ ಸರಿಯಾಗಿ ಮಾರೀನಿ" ಎಂದೆ.

ಗೌರಮ್ಮ ಸೀರೆ ಮಡಚುತ್ತಲೇ ಹೇಳಿದಳು: "ಅಪ್ಪ ಸುಮ್ಮ ಕುಂತಾನೇನ್ರೀ? ಹಿತ್ತಲದಾಗ ಹೊಸ ಜಾತಿ ಬಾಳಿ ಹಚ್ಯಾನ. ಇನ್ನ ಯಾರಿಗೂ ಕಂದು ಕೊಟ್ಟಿಲ್ಲ. ನಿಮ್ಮ ಕಂಪನಿ ಹಿತ್ತಲದಾಗ ಏನದ ಅಂತ ನೋಡಿದ್ರೇನು?"

ಕಂಪನಿಯಲ್ಲಿ ಹೊಸ ಯುಕ್ತಿ ಏನಾದರೂ ಬೆಳೆಯುತ್ತಿದೆಯೇ ಎಂದು ನಾನು ನೋಡಿರಲಿಲ್ಲ. ಪಡಸಾಲೆ ನೋಡಿಯೇ ಕೊಂಡಿದ್ದೆ, ಪಡಸಾಲೆ ನೋಡಿಯೇ ಮಾರಿದ್ದೆ.

ನನ್ನ ಮೋರೆ ಕಂಡು ಅವಳು ಒಂದು ಪಾಟ್ಲಿ ಬಿಚ್ಚಿ ಮುಂದೆ ಹಿಡಿದಳು. "ನೋಡ್ರಿ, ಹಿತ್ತಲದಾಗ ಏನರ ಇದ್ರ ಇದೊಂದು ಮತ್ತ ಒತ್ತಿ ಇಡ್ಲಿಕ್ಕ ಒಯ್ರಿ."

ಹೊರಗೆ ಮಾವ ಕೆಮ್ಮಿದರು. ನಾನು ಗಡಬಡಿಸಿ ಅದನ್ನು ಅವಳ ಕೈಗೇ ಏರಿಸಿದೆ.

"ಮೊದಲ ತವರಿಗಿ ಹೋಗಿ ಬಾ ಮಾರಾಯ್ತಿ," ಎಂದೆ. "ಬರೂಮುಂದ ಅಪ್ಪನ ಹಿತ್ತಲದ ಒಂದು ಕಂದು ತಗೊಂಡು ಬಾ."