ರುಸ್ತಾಕಿನಲ್ಲಿ ನಿಂತ ಹಾಡು

“ಬಾಸಿಲ್ ರುಸ್ತಾಕಿನಲ್ಲಿ ಕುಡಿದು ವೇದಿಕೆ ಹತ್ತಿದ, ಅರ್ಧ ಹಾಡಿಗೇ ಇಳಿಸಿದರು, ಅಲ್ಲಿಗೆ ಅವನ ಹಾಡು ಮುಗಿಯಿತು.” ಎಂಬತ್ತರ ದಶಕವನ್ನು ಒಮಾನಿನಲ್ಲಿ ಕಳೆದ ನಮ್ಮವರು ಇಂದಿಗೂ ಹೀಗೆಯೇ ಹೇಳುತ್ತಾರೆ. ಇಳಿಸಿದ್ದು ನಿಜ, ಹಾಡು ಮುಗಿದದ್ದೂ ನಿಜ. ಕುಡಿದದ್ದು ಮಾತ್ರ ಸುಳ್ಳು.

ಬಾಸಿಲ್ ಪೊರ್ಬುಗಳು ಶಿರ್ವದ ಕಡೆಯವರು. ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎನ್ನುವುದು ನಮ್ಮ ಕರಾವಳಿಯ ರೂಢಿ. ಬಂದರು ಪೇಟೆ ಮತ್ರಾದ ಗೋದಾಮೊಂದರಲ್ಲಿ ವ್ಯಾನ್ ಓಡಿಸುತ್ತಿದ್ದ ಅವರು, ಶುಕ್ರವಾರ ಬಂತೆಂದರೆ ಗಿಟಾರ್ ಹಿಡಿದು ಕಾರ್ಮಿಕರ ಕ್ಯಾಂಪುಗಳಲ್ಲಿ ಹಾಡಲು ಹೊರಡುತ್ತಿದ್ದರು. ಹಾಡು ಕಟ್ಟುತ್ತಿದ್ದುದು ಸ್ಟೇರಿಂಗಿನ ಮುಂದೆಯೇ. ಗೇರು ಬದಲಾದಾಗ ಪದವೂ ಬದಲಾಗುತ್ತಿತ್ತು. ಹಾಡಿದ ಮೇಲೆ ಅಡುಗೆಯೂ ಅವರದೇ. “ಹಾಡು ಹೇಳಿ ಊರು ನೆನಪು ಮಾಡಿದ್ಮೇಲೆ ಬರೀ ಹೊಟ್ಟೆಯಲ್ಲಿ ಮಲಗಿಸ್ಬಾರ್ದು ರಾಯರೇ, ಪಾಪ ಬರ್ತದೆ” ಎಂದು ನನಗೆ ಹೇಳುತ್ತಿದ್ದರು. ಅವರು ಹನಿ ಮದ್ಯ ಮುಟ್ಟಿದವರಲ್ಲ. “ನಮ್ಮ ಅಪ್ಪ ಕುಡಿದದ್ದೇ ಮೂರು ತಲೆಗೆ ಸಾಕು.”

ಊರಿನಲ್ಲಿ ಇಡ್ಲಿಯಂಥ ಸನ್ನಾದ ಅಕ್ಕಿಹಿಟ್ಟನ್ನು ಶೇಂದಿ ಹಾಕಿ ಉಬ್ಬಿಸುತ್ತಾರೆ. ಒಮಾನಿನಲ್ಲಿ ಅವರು ಯೀಸ್ಟ್, ಸಕ್ಕರೆ ಹಾಕುತ್ತಿದ್ದರು. ಆ ಶುಕ್ರವಾರ ಅವರ ಜೊತೆ ನಾನೂ ರುಸ್ತಾಕಿಗೆ ಹೊರಟಾಗ ಹಿಟ್ಟಿನ ಪಾತ್ರೆ ನನ್ನ ಕಾಲ ಬಳಿ ಇತ್ತು.

“ಪೊರ್ಬುಗಳೇ, ಮುಚ್ಚಳ ತೀರಾ ಬಿಗಿ ಆಯ್ತಲ್ಲ?”

“ಎಂತ ಆಗುದಿಲ್ಲ, ಸುಮ್ನೆ ಕೂತ್ಕೊಳ್ಳಿ. ನಿಮಗೆ ಇಡ್ಲಿ ಗೊತ್ತು, ಸನ್ನಾ ಗೊತ್ತಿಲ್ಲ.”

ಬಾತಿನಾ ಬಯಲಿನ ಬಿಸಿಲಿಗೆ ಹಿಟ್ಟು ದಾರಿಯಲ್ಲೇ ಹುದುಗಿ ಮುಗಿದಿತ್ತು. ರುಸ್ತಾಕಿನ ಮಾರುಕಟ್ಟೆಯಲ್ಲಿ ಅಂಗಡಿಯೊಂದರ ಮುಂದೆ ಇಳಿದು ಮುಚ್ಚಳ ತೆಗೆದರು. ಹಿಟ್ಟು ಚಿಮ್ಮಿ ಎದೆಯ ತುಂಬ ಸುರಿಯಿತು. ತೊಳೆದರೂ ಶೇಂದಿಯಂಥ ಹುಳಿವಾಸನೆ ಹೋಗಲಿಲ್ಲ. ಬದಲಿ ಅಂಗಿ ಇರಲಿಲ್ಲ.

ಕ್ಯಾಂಪಿನಲ್ಲಿ ಎರಡನೆಯ ಹಾಡಿನ ನಡುವೆ ವ್ಯವಸ್ಥಾಪಕರೊಬ್ಬರು ವೇದಿಕೆಗೆ ಬಂದರು. “ಬಾಸಿಲ್, ಇಳಿ ಮಾರಾಯ. ಇಲ್ಲಿವರೆಗೆ ವಾಸನೆ ಉಂಟು. ಪೊಲೀಸ್ ಬಂದ್ರೆ ವೀಸಾ ಕೊಟ್ಟ ಕಫೀಲ್ ನಮ್ಮನ್ನೆಲ್ಲ ವಿಮಾನ ಹತ್ತಿಸ್ತಾನೆ. ಖಲಾಸ್.”

ಅದು ಹಿಟ್ಟಿನ ವಾಸನೆಯೆಂದು ನಾನು ಹೇಳಿದೆ. “ನೀವು ಅವನ ದೋಸ್ತಿ, ಇನ್ನೆಂತ ಹೇಳ್ತೀರಿ?” ಎಂದರು. ಜನ ನಕ್ಕರು.

ಪೊರ್ಬುಗಳು ಗಿಟಾರನ್ನು ಗೋಡೆಗೆ ಒರಗಿಸಿ ಅಡುಗೆಮನೆಗೆ ಹೋಗಿ, ಪಾತ್ರೆಯಲ್ಲಿ ಉಳಿದಿದ್ದ ಹಿಟ್ಟನ್ನು ಬೇಯಿಸಿದರು, ಬಡಿಸಿದರು. ಆ ವ್ಯವಸ್ಥಾಪಕರು “ಹೂವಿನ ಹಾಗೆ ಆಗಿದೆ” ಎಂದು ಮತ್ತೊಮ್ಮೆ ಹಾಕಿಸಿಕೊಂಡರು. ಅದೇ ಹುಳಿವಾಸನೆ ತಟ್ಟೆಯಿಂದ ಏಳುತ್ತಿತ್ತು. ಯಾರಿಗೂ ಏನೂ ಹೊಳೆಯಲಿಲ್ಲ.

ಆಮೇಲೆ ಪೊರ್ಬುಗಳು ಹಾಡಲಿಲ್ಲ. ವ್ಯಾನಿನಲ್ಲಿ ಗುನುಗುವುದೂ ನಿಂತಿತು. ಯಾಕೆಂದು ಒಮ್ಮೆ ಕೇಳಿದೆ. “ಬರುದಿಲ್ಲ ರಾಯರೇ. ಸಿಟ್ಟಾದ್ರೂ ಬರಬೇಕಿತ್ತು, ಅದೂ ಬರುದಿಲ್ಲ” ಎಂದರು. ತೊಂಬತ್ತರ ದಶಕದಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟಾಗ ವಿಮಾನ ನಿಲ್ದಾಣದಲ್ಲಿ ಅವರು ಆಡಿದ್ದು ಒಂದೇ ಮಾತು: “ಮನೆಗೆ ಹೋಗಿ, ಬಿಸಿಲು ಏರ್ತಾ ಉಂಟು.” ಮತ್ತೆ ನಾನು ಅವರನ್ನು ನೋಡಲಿಲ್ಲ. ಈಗ ಅವರಿಲ್ಲ.

ಗೆಳೆಯನಾದ ನನ್ನ ಮಾತನ್ನು ಯಾರೂ ನಂಬಬೇಕಾಗಿಲ್ಲ. ರುಸ್ತಾಕ್ ಕೋಟೆಯ ಬಳಿಯ ಮಾರುಕಟ್ಟೆಯಲ್ಲಿ ಸಲೀಂ ಎಂಬ ಖರ್ಜೂರದ ವ್ಯಾಪಾರಿ ಇನ್ನೂ ಕೂರುತ್ತಾರೆ. ಅಂದು ಅಂಗಿ ತೊಳೆಯಲು ನೀರು ಹೊಯ್ದವರು ಅವರೇ. ಕಳೆದ ಸಲ ಹೋದಾಗ ವಿಚಾರಿಸಿದೆ. ತಮ್ಮ ಹರಕು ಹಿಂದಿಯಲ್ಲಿ ಅವರೆಂದರು: “ಅಕ್ಕಿಹಿಟ್ಟು. ನನ್ನ ಮೆಟ್ಟಿಲ ಮೇಲೆ ಬಿದ್ದದ್ದನ್ನು ಆಡು ನೆಕ್ಕಿತು. ನಿಮ್ಮವರು ಒಬ್ಬರೂ ಬಂದು ನನ್ನನ್ನು ಕೇಳಲಿಲ್ಲ.”