ಎಂಜಲಾಗದ ಕಣ್ಣು

ನಮ್ಮ ಓನರಮ್ಮನ ಎರಡು ಕಣ್ಣುಗಳಿಗೆ ಎರಡು ವಯಸ್ಸು. ಎಡಗಣ್ಣು ಗಂಜಿ ತಿಳಿಯಂತೆ ಮಂಜು. ಬಲಗಣ್ಣು ಹದಿಹರೆಯದವರ ಕಣ್ಣಿನಂತೆ ಹೊಳೆಯುತ್ತಿತ್ತು. ಹತ್ತಿರದಿಂದ ನೋಡಿದರೆ ಅದರ ಕರಿಗುಡ್ಡೆಯ ಸುತ್ತ ಕೂದಲಿಗಿಂತ ನವಿರಾದ ಹೊಲಿಗೆ. ಸತ್ತವರು ಯಾರೋ ದಾನ ಮಾಡಿದ್ದ ಕಾರ್ನಿಯಾವನ್ನು, ಅಂದರೆ ಕಣ್ಣಿನ ಪಾರದರ್ಶಕ ಮುಂಪೊರೆಯನ್ನು, ಅಲ್ಲಿ ಕೂರಿಸಿದ್ದರು. ಯಾರದೆಂದು ಆಸ್ಪತ್ರೆಯವರು ಹೇಳಲಿಲ್ಲ. ಓನರಮ್ಮ ಸುಮ್ಮನೆ ‘ಅವ್ರು’ ಎನ್ನುತ್ತಿದ್ದರು.

ಸಾಗರದ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಆನಂದಪುರದ ಶಾಲೆಗೆ ಪಾಠ ಹೇಳಲು ಓಡಾಡುತ್ತಿದ್ದೆ. ಅವರ ಕೈ ನಡುಗುತ್ತಿದ್ದುದರಿಂದ ಕಣ್ಣಿಗೆ ಹನಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಔಷಧಿ ಕೆಡದಿರಲೆಂದು ಬೆರೆಸುವ ರಾಸಾಯನಿಕ ಆ ಕಣ್ಣಿಗೆ ಆಗುತ್ತಿರಲಿಲ್ಲ. ಅದಿಲ್ಲದ ಹನಿ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಬರುತ್ತಿತ್ತು. ಮೂತಿ ಮುರಿದು, ಹಾಕಿ, ಉಳಿದದ್ದನ್ನು ಎಸೆಯಬೇಕು. ಇಟ್ಟರೆ ರೋಗಾಣು ಸೇರುತ್ತದೆ, ಮೂತಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಬಾರದು, ಸೋಂಕಾದರೆ ಕಣ್ಣೇ ಹೋದೀತು ಎಂದು ಡಾಕ್ಟರು ಹೆದರಿಸಿದ್ದರು. ಓನರಮ್ಮ ಅಷ್ಟನ್ನೂ ಒಂದೇ ಮಾತಿಗೆ ಇಳಿಸಿಕೊಂಡಿದ್ದರು.

“ಎಂಜ್ಲು ಮಾಡ್ಬಾರ್ದು, ಅಷ್ಟೇ ತಾನೇ? ಚೊಂಬು ಎತ್ತಿ ನೀರು ಕುಡಿಯಲ್ವಾ, ಹಂಗೆ ತಾಗಿಸ್ದೆ ಬಿಡು ಮಾರಾಯ್ತಿ. ಮೊದ್ಲು ಸೋಪು ಹಾಕಿ ಕೈ ತೊಳ್ಕಂಡ್ ಬಾ.”

ತಲೆ ಹಿಂದಕ್ಕೆ ವಾಲಿಸಿ ಅವರು ನನ್ನನ್ನೇ ನೋಡುತ್ತಿದ್ದರು. ಎಡಗಣ್ಣಿನಿಂದ ನೋಡುವವರು ಯಾರೆಂದು ಗೊತ್ತಿತ್ತು. ಬಲಗಣ್ಣಿನ ಮೇಲೆ ಬಾಗಿದಾಗ ಮಾತ್ರ ನಾನು ಕೊಳವೆಯ ಮೂತಿಯನ್ನಷ್ಟೇ ನೋಡುತ್ತಿದ್ದೆ.

ಉಳಿದೆಲ್ಲದರಲ್ಲೂ ಓನರಮ್ಮ ಮಹಾ ಜಿಪುಣಿ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುತ್ತಿದ್ದರು, ಹಾಲಿನ ಪ್ಯಾಕೆಟ್ ತೊಳೆದು ತಂತಿಗೆ ಸಿಕ್ಕಿಸುತ್ತಿದ್ದರು. ಹಾಗಾಗಿ ರಿಪ್ಪನ್‌ಪೇಟೆಯಿಂದ ಬಂದಿದ್ದ ಅವರ ನಾದಿನಿ, ನಾನು ಎಸೆಯಲು ಹೊರಟ ಕೊಳವೆಯನ್ನು ಕಸಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. “ಅರ್ಧ ಹಂಗೇ ಉಂಟಲ್ಲ ಅತ್ಗೇ, ಸಾಯಂಕಾಲಕ್ಕಾಗ್ತದೆ” ಎಂದು ಅದನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರು.

ಓನರಮ್ಮ ಎದ್ದು, ಕೊಳವೆಯನ್ನು ದಾಸವಾಳದ ಕುಂಡಕ್ಕೆ ಹಿಂಡಿ ಬಂದರು. “ನನ್ ಸ್ವಂತದ್ದಾಗಿದ್ರೆ ಹೆಂಗೋ ಆಗ್ತಿತ್ತು. ಇದು ಬೇರೆಯವ್ರದ್ದು. ಅವ್ರಿಗೆ ಎಂಜ್ಲು ಹಾಕಕ್ಕಾಗ್ತದಾ?”

ನಾದಿನಿ ಊಟ ಮುಗಿಯುವವರೆಗೂ ಆ ಕಣ್ಣಿನತ್ತ ನೋಡಲಿಲ್ಲ.

ಟೀವಿಯಲ್ಲಿ ಹೊಡೆದಾಟ ಬಂದರೆ ಓನರಮ್ಮ ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚುತ್ತಿದ್ದರು. ನಾನು ನಗುತ್ತಿದ್ದೆ. ಒಂದು ಮಳೆಗಾಲ ಲಿಂಗನಮಕ್ಕಿ ಅಣೆಕಟ್ಟಿನ ಗೇಟು ತೆಗೆದಾಗ ಹಟ ಹಿಡಿದು ನನ್ನನ್ನು ಹೊರಡಿಸಿದರು. ಅಲ್ಲಿ ಎಡಗಣ್ಣು ಮುಚ್ಚಿ, ಧುಮುಕುವ ನೀರಿನ ಕಡೆ ಮುಖ ಮಾಡಿ, “ನೋಡ್ಕಳಿ” ಎಂದರು. ನನ್ನನ್ನು ಅವರು ಯಾವತ್ತೂ ಬಹುವಚನದಲ್ಲಿ ಕರೆದವರಲ್ಲ.

“ನಂಗಾ ಹೇಳಿದ್ದು?”

“ನಿಂಗಲ್ಲ, ಸುಮ್ನಿರು.”

ಆಮೇಲೆ ನಾನು ನಗುವುದನ್ನು ಬಿಟ್ಟೆ.

ತಾವು ಹೋದ ಮೇಲೆ ಆ ಮುಂಪೊರೆ ಮತ್ತೊಬ್ಬರಿಗೆ ಸಲ್ಲಬೇಕು ಎಂಬುದೊಂದೇ ಅವರ ಆಸೆ. ಅದಕ್ಕೇ ಅಷ್ಟು ಜೋಪಾನ. ಆದರೆ ಒಮ್ಮೆ ಕೂರಿಸಿದ್ದನ್ನು ಮತ್ತೆ ತೆಗೆದು ಬೇರೆಯವರಿಗೆ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಓನರಮ್ಮ ಬಲಗಣ್ಣಿಗೆ ಗಾಳಿ ತಾಗದಂತೆ ಸೆರಗು ಅಡ್ಡ ಹಿಡಿದು ಕೂತಿದ್ದರು. ಕೊನೆಗೆ, “ಹಂಗಾರೆ ಅವ್ರು ನನ್ ಜೊತೇಲೇ ಹೋಗ್ಬೇಕಾ? ಇನ್ನೊಂದ್ಸಲ?” ಎಂದರು. ಅವತ್ತು ಸಂಜೆಯೂ ಎಂದಿನಂತೆ ಕೈ ತೊಳೆಸಿಯೇ ಹನಿ ಹಾಕಿಸಿಕೊಂಡರು.

ಕಳೆದ ಬೇಸಿಗೆಯ ಆರಂಭದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಓನರಮ್ಮ ಏಳಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಅಂಗಳದ ತುಂಬ ಜನ. ಎಡಗಣ್ಣು ಮುಚ್ಚಿತ್ತು. ಬಲಗಣ್ಣು ಅರೆತೆರೆದೇ ಇತ್ತು. ಯಾರೋ ಮುಚ್ಚಲು ಕೈ ಚಾಚಿದರು.

“ತಡೀರಿ” ಎಂದವರು ಸುದ್ದಿ ತಿಳಿದು ರಿಪ್ಪನ್‌ಪೇಟೆಯಿಂದ ಧಾವಿಸಿ ಬಂದಿದ್ದ ಆ ನಾದಿನಿ. ಒಳಗೆ ಹೋಗಿ, ಸೋಪು ಹಾಕಿ ಕೈ ತೊಳೆದು ಬಂದರು. ರೆಪ್ಪೆಯನ್ನು ಮೆಲ್ಲಗೆ ಇಳಿಸುವಾಗ ಅವರ ತುಟಿ ಅಲುಗಿತು, ಏನೆಂದರೋ ಕೇಳಿಸಲಿಲ್ಲ.

“ಒಬ್ರೇ ಇದ್ರು, ಪಾಪ” ಎಂದರು ಬಾಗಿಲಲ್ಲಿ ನಿಂತಿದ್ದವರೊಬ್ಬರು.

ನಾನೂ ನಾದಿನಿಯೂ ಮುಖ ಮುಖ ನೋಡಿಕೊಂಡು, ಇಬ್ಬರೂ ಆ ಬಲಗಣ್ಣಿನತ್ತ ತಿರುಗಿದೆವು.